ಅರಿಶಿನ, ಪುನರ್ಪುಳಿಯ ಅಂಶಗಳು ಗಡ್ಡೆಯ ರಕ್ತನಾಳಗಳನ್ನು ತಡೆಯುತ್ತವೆಯೇ? ಕಿಮೊ ನಡೆಯುವಾಗ ಕೊಡಬಹುದೇ?

ಪ್ರಶ್ನೆ: ಉಡುಪಿಯ ಓದುಗ

ನಮ್ಮ ದೊಡ್ಡಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಇದ್ದು, ಅದು ಯಕೃತ್ತಿಗೂ ಹರಡಿದೆ. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಇರಿನೊಟೆಕಾನ್ ಇರುವ ಕಿಮೊಥೆರಪಿಯ ಜೊತೆಗೆ ಬೆವಾಸಿಜುಮ್ಯಾಬ್ ಎಂಬ ಔಷಧವನ್ನೂ ಡ್ರಿಪ್ ಮೂಲಕ ಕೊಡುತ್ತಿದ್ದಾರೆ. ಗಡ್ಡೆಗೆ ರಕ್ತ ಒದಗಿಸುವ ಹೊಸ ನಾಳಗಳು ಬೆಳೆಯದಂತೆ ಅದು ತಡೆಯುತ್ತದೆ ಎಂದು ವೈದ್ಯರು ವಿವರಿಸಿದರು. ಇದನ್ನು ಕೇಳಿದ ಸಂಬಂಧಿಕರೊಬ್ಬರು, ಅದೇ ಕೆಲಸವನ್ನು ಅರಿಶಿನದ ಕರ್ಕ್ಯುಮಿನ್, ಗ್ರೀನ್ ಟೀ ಮತ್ತು ನಮ್ಮ ಪುನರ್ಪುಳಿಯ ಗಾರ್ಸಿನಾಲ್ ಕೂಡ ಮಾಡುತ್ತವೆಂದು ಸಂಶೋಧನೆಗಳೇ ಹೇಳಿವೆ ಎನ್ನುತ್ತಾ ಒಂದು ಡಬ್ಬಿ ಕ್ಯಾಪ್ಸೂಲ್ ತಂದುಕೊಟ್ಟಿದ್ದಾರೆ. ಕರ್ಕ್ಯುಮಿನ್ ಜೊತೆಗೆ ಕಾಳುಮೆಣಸಿನ ಅಂಶವಾದ ಪೈಪರಿನ್ ಸೇರಿದೆ ಎಂದು ಅದರ ಮೇಲೆ ಬರೆದಿದೆ. ಈ ಮಾತಿನಲ್ಲಿ ಸತ್ಯವೆಷ್ಟು, ಮತ್ತು ಈಗ ಕೊಟ್ಟರೆ ಹಾನಿಯಿದೆಯೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಕೊಣಾಜೆಯಿಂದ, ಔಷಧಶಾಸ್ತ್ರದ ವಿದ್ಯಾರ್ಥಿನಿ

ನಿಮ್ಮ ಸಂಬಂಧಿಕರು ಹೇಳಿದ್ದು ಪ್ರಯೋಗಾಲಯದ ಮಟ್ಟಿಗೆ ನಿಜ. ಹೊಸ ರಕ್ತನಾಳಗಳ ನೆರವಿಲ್ಲದೆ ಗಡ್ಡೆಯೊಂದು ಒಂದೆರಡು ಮಿಲಿಮೀಟರ್‌ಗಿಂತ ದೊಡ್ಡದಾಗಿ ಬೆಳೆಯಲಾರದು, ಆದ್ದರಿಂದ ಆ ನಾಳಗಳನ್ನೇ ತಡೆಯುವುದು ಚಿಕಿತ್ಸೆಯಾಗಬಲ್ಲದು ಎಂಬ ವಾದವನ್ನು 1971ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕ ಜೂಡಾ ಫೋಕ್‌ಮನ್ ಮುಂದಿಟ್ಟರು. ಆಮ್ಲಜನಕ ಸಾಲದಾದಾಗ ಗಡ್ಡೆಯ ಜೀವಕೋಶಗಳು ವಿಇಜಿಎಫ್ ಎಂಬ ಪ್ರೋಟೀನನ್ನು ಹೊರಸೂಸುತ್ತವೆ. ಅದು ಹತ್ತಿರದ ರಕ್ತನಾಳದ ಒಳಪದರದ ಕೋಶಗಳನ್ನು ತಲುಪಿ, ಅವು ಕವಲೊಡೆದು ಗಡ್ಡೆಯತ್ತ ಬೆಳೆಯುವಂತೆ ಮಾಡುತ್ತದೆ. ಬೆವಾಸಿಜುಮ್ಯಾಬ್ ಈ ಪ್ರೋಟೀನನ್ನೇ ಹಿಡಿದು ಕಟ್ಟಿಹಾಕುವ ಪ್ರತಿಕಾಯ. ಸಸ್ಯಮೂಲದ ಅಂಶಗಳು ಹಾಗೆ ಒಂದೇ ಗುರಿಯ ಮೇಲೆ ಕೆಲಸ ಮಾಡುವುದಿಲ್ಲ. ಕರ್ಕ್ಯುಮಿನ್, ಗ್ರೀನ್ ಟೀಯ ಇಜಿಸಿಜಿ, ಸೋಯಾದ ಜೆನಿಸ್ಟೀನ್, ಅಶ್ವಗಂಧದ ವಿಥಾಫೆರಿನ್ ಎ ಮೊದಲಾದವು ವಿಇಜಿಎಫ್ ಉತ್ಪಾದನೆ, ಅದರ ಸಂಕೇತ, ಕೋಶಗಳ ಚಲನೆ ಹೀಗೆ ಹಲವು ಹಂತಗಳಲ್ಲಿ ಅಲ್ಪಸ್ವಲ್ಪ ಅಡ್ಡಿಯುಂಟುಮಾಡುತ್ತವೆ.

ಇದನ್ನು ಪರೀಕ್ಷಿಸುವ ವಿಧಾನವನ್ನು ತಿಳಿದರೆ ಆ ಫಲಿತಾಂಶದ ಮಿತಿಯೂ ಅರ್ಥವಾಗುತ್ತದೆ. ಕೆಲವು ದಿನ ಕಾವು ಕೊಟ್ಟ ಕೋಳಿಮೊಟ್ಟೆಯ ಚಿಪ್ಪಿನಲ್ಲಿ ಸಣ್ಣ ಕಿಟಕಿ ಕೊರೆದರೆ, ಭ್ರೂಣದ ಸುತ್ತಲಿನ ತೆಳು ಪೊರೆಯ ಮೇಲೆ ಕೆಂಪು ನಾಳಗಳ ಬಲೆ ಕಾಣುತ್ತದೆ. ಪರೀಕ್ಷಿಸಬೇಕಾದ ಅಂಶವನ್ನು ಹೀರಿದ ಪುಟ್ಟ ಕಾಗದದ ಬಿಲ್ಲೆಯನ್ನು ಆ ಪೊರೆಯ ಮೇಲಿಟ್ಟು, ಕಿಟಕಿ ಮುಚ್ಚಿ, ಮತ್ತೆ ಕಾವಿನಲ್ಲಿಟ್ಟು, ಎರಡು ಮೂರು ದಿನಗಳ ಬಳಿಕ ತೆರೆದು ನೋಡುತ್ತಾರೆ. ಅಂಶವು ಪರಿಣಾಮಕಾರಿಯಾಗಿದ್ದರೆ ಬಿಲ್ಲೆಯ ಸುತ್ತ ಕವಲುಗಳು ವಿರಳವಾಗಿ, ಪೊರೆ ಬಿಳಿಚಿಕೊಂಡಿರುತ್ತದೆ. ನಾನು ಈ ಪರೀಕ್ಷೆಯನ್ನು ಮಾಡಿದ್ದೇನೆ, ಅದು ಸುಂದರವಾದ ಪರೀಕ್ಷೆ. ಆದರೆ ಅಲ್ಲಿ ಅಂಶವು ನೇರವಾಗಿ ನಾಳದ ಮೇಲೆಯೇ ಕುಳಿತಿರುತ್ತದೆ; ಜಠರ, ಕರುಳು, ಯಕೃತ್ತುಗಳನ್ನು ದಾಟಿ ಬರಬೇಕಾದ ಪ್ರಮೇಯವೇ ಇರುವುದಿಲ್ಲ.

ಕರ್ಕ್ಯುಮಿನ್ ಸೋಲುವುದು ಈ ದಾರಿಯಲ್ಲಿಯೇ. ನುಂಗಿದ ಕರ್ಕ್ಯುಮಿನ್‌ನ ಹೆಚ್ಚಿನ ಪಾಲು ಹೀರಲ್ಪಡುವುದೇ ಇಲ್ಲ, ಹೀರಲ್ಪಟ್ಟದ್ದೂ ಕರುಳಿನ ಭಿತ್ತಿ ಮತ್ತು ಯಕೃತ್ತಿನಲ್ಲಿ ಬೇಗನೆ ರೂಪಾಂತರಗೊಳ್ಳುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಸೇವಿಸಿದವರ ರಕ್ತದಲ್ಲಿ ಅದು ಪತ್ತೆಯಾಗದಷ್ಟು ಅಥವಾ ಅತ್ಯಲ್ಪ ಪ್ರಮಾಣದಲ್ಲಿತ್ತು. ಜೊತೆಗೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಲಭ್ಯತೆ ಶೇಕಡ 2000ದಷ್ಟು ಏರಿತು. ನಿಮ್ಮ ಡಬ್ಬಿಯಲ್ಲಿ ಪೈಪರಿನ್ ಸೇರಿರುವುದಕ್ಕೆ ಕಾರಣ ಇದೇ.

ಉತ್ತರ 2: ಮಂಗಳೂರು, ಕ್ಯಾನ್ಸರ್ ವಿಭಾಗದಲ್ಲಿ ಫಾರ್ಮಸಿಸ್ಟ್

ಮೇಲಿನವರು ಚೆನ್ನಾಗಿ ವಿವರಿಸಿದ್ದಾರೆ. ನನ್ನ ಆತಂಕ ಇರುವುದು ಆ ಪೈಪರಿನ್ ಬಗ್ಗೆಯೇ. ಕರ್ಕ್ಯುಮಿನ್ ದೇಹದಲ್ಲಿ ಉಳಿಯುವಂತೆ ಅದು ಮಾಡುವುದು, ಯಕೃತ್ತು ಮತ್ತು ಕರುಳಿನಲ್ಲಿ ಬೇಡದ ರಾಸಾಯನಿಕಗಳನ್ನು ಹೊರಹಾಕಲು ಸಿದ್ಧಪಡಿಸುವ ಗ್ಲುಕುರೊನೈಡೇಶನ್ ಎಂಬ ಕ್ರಿಯೆಯನ್ನು ಕುಂಠಿತಗೊಳಿಸುವ ಮೂಲಕ. ಇರಿನೊಟೆಕಾನ್ ದೇಹದಲ್ಲಿ ಎಸ್‌ಎನ್-38 ಎಂಬ ಉಗ್ರ ರೂಪವನ್ನು ತಾಳುತ್ತದೆ, ಮತ್ತು ಆ ರೂಪವನ್ನು ದೇಹವು ನಿಷ್ಕ್ರಿಯಗೊಳಿಸುವುದೂ ಇದೇ ಕ್ರಿಯೆಯಿಂದ. ಅದು ತಡೆಯಾಗಿ ಎಸ್‌ಎನ್-38 ಸಂಗ್ರಹವಾದರೆ ತೀವ್ರ ಭೇದಿಯಾಗಬಹುದು, ಬಿಳಿ ರಕ್ತಕಣಗಳು ಅಪಾಯಕಾರಿ ಮಟ್ಟಕ್ಕೆ ಇಳಿಯಬಹುದು. ಈ ಕ್ಯಾಪ್ಸೂಲ್‌ನಿಂದ ಹಾಗೆ ಆಗಿಯೇ ತೀರುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಹಾಗಾಗುವ ದಾರಿ ಸ್ಪಷ್ಟವಾಗಿ ಕಾಣುತ್ತಿರುವಾಗ ಆ ಪ್ರಯೋಗವನ್ನು ನಿಮ್ಮ ದೊಡ್ಡಪ್ಪನ ಮೇಲೆ ಮಾಡಬೇಡಿ.

ಇನ್ನೊಂದು ವಿಷಯ. 2002ರಲ್ಲಿ ಪ್ರಕಟವಾದ ಸ್ತನ ಕ್ಯಾನ್ಸರ್ ಕೋಶಗಳ ಅಧ್ಯಯನವೊಂದರಲ್ಲಿ, ಕ್ಯಾಂಪ್ಟೊಥೆಸಿನ್‌ನಂತಹ ಕಿಮೊ ಔಷಧಗಳಿಂದ ಸಾಯಬೇಕಿದ್ದ ಕೋಶಗಳನ್ನು ಕರ್ಕ್ಯುಮಿನ್ ಉಳಿಸಿತು. ಇರಿನೊಟೆಕಾನ್ ಕ್ಯಾಂಪ್ಟೊಥೆಸಿನ್ ವಂಶದ್ದೇ. ಗ್ರೀನ್ ಟೀಯ ಇಜಿಸಿಜಿ ಕೂಡ ಬಾರ್ಟಿಜೊಮಿಬ್ ಎಂಬ ಕ್ಯಾನ್ಸರ್ ಔಷಧಕ್ಕೆ ಅಂಟಿಕೊಂಡು ಅದನ್ನು ನಿಷ್ಫಲಗೊಳಿಸುತ್ತದೆ ಎಂದು 2009ರಲ್ಲಿ ಇಲಿಗಳಲ್ಲಿ ಕಂಡುಬಂತು. ಸಸ್ಯದ ಅಂಶಕ್ಕೆ ಶಕ್ತಿಯಿದೆ ಎಂದು ನಂಬುವವರು ಆ ಶಕ್ತಿ ಎರಡೂ ದಿಕ್ಕಿನಲ್ಲಿ ಕೆಲಸ ಮಾಡಬಲ್ಲದು ಎಂಬುದನ್ನೂ ನಂಬಬೇಕಾಗುತ್ತದೆ.

ಉಡುಪಿಯ ಓದುಗ

ಇಬ್ಬರಿಗೂ ಕೃತಜ್ಞತೆಗಳು. ಡಬ್ಬಿಯನ್ನು ಬದಿಗಿಟ್ಟಿದ್ದೇನೆ. ಆದರೆ ಸಾರಿನ ಅರಿಶಿನ, ಪುನರ್ಪುಳಿ ಶರಬತ್ತು ಇವನ್ನೂ ನಿಲ್ಲಿಸಬೇಕೇ? ದೊಡ್ಡಪ್ಪನಿಗೆ ಈಗ ಬಾಯಿಗೆ ರುಚಿಸುವುದೇ ಅದು.

ಉತ್ತರ 3: ಕಾರ್ಕಳ, ಆಯುರ್ವೇದ ವೈದ್ಯೆ

ಅಡುಗೆಯ ಪ್ರಮಾಣದಲ್ಲಿ ನಿಲ್ಲಿಸಬೇಕಾದ ಅಗತ್ಯವಿಲ್ಲ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಶೇಕಡ 3ರ ಆಸುಪಾಸು; ಸಾರಿಗೆ ಹಾಕುವ ಚಿಟಿಕೆಗೂ ಕ್ಯಾಪ್ಸೂಲಿನ ಸಾಂದ್ರ ಸಾರಕ್ಕೂ ಹೋಲಿಕೆಯೇ ಇಲ್ಲ. ಪುನರ್ಪುಳಿ ಶರಬತ್ತಿನ ಕೆಂಪು ಬಣ್ಣ ಆಂಥೊಸಯಾನಿನ್‌ನಿಂದ ಬಂದದ್ದು. ಗಾರ್ಸಿನಾಲ್ ಸಿಪ್ಪೆಯಲ್ಲಿರುವ ಹಳದಿ ಅಂಶ, ನೀರಿನಲ್ಲಿ ಬಹುತೇಕ ಕರಗದು, ಹಾಗಾಗಿ ಶರಬತ್ತಿಗೆ ಅಷ್ಟಾಗಿ ಇಳಿಯುವುದೂ ಇಲ್ಲ. ಕ್ಯಾನ್ಸರ್ ಕೋಶಗಳಲ್ಲಿ ವಿಇಜಿಎಫ್ ಪ್ರಮಾಣವನ್ನು ಅದು ತಗ್ಗಿಸಿದ್ದು ಪ್ರಯೋಗಾಲಯದ ಮಾತು. ಬಾಯಿ ಹುಣ್ಣಾಗಿದ್ದರೆ ಹುಳಿ ಉರಿಯಬಹುದು, ಆಗ ತೆಳುವಾಗಿ ಮಾಡಿಕೊಡಿ.

ಫಾರ್ಮಸಿಸ್ಟ್ ಅವರ ಎಚ್ಚರಿಕೆಯನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೂ ಒಂದು ಮಾತು ಸೇರಿಸಬೇಕೆನಿಸುತ್ತದೆ: ಸಸ್ಯಗಳ ಬಗೆಗಿನ ಈ ಆಸೆ ಬರೀ ಭ್ರಮೆಯಲ್ಲ. ದೊಡ್ಡಪ್ಪನ ಡ್ರಿಪ್‌ನಲ್ಲಿರುವ ಇರಿನೊಟೆಕಾನ್‌ನ ಮೂಲವಾದ ಕ್ಯಾಂಪ್ಟೊಥೆಸಿನ್ ಮೊದಲು ಸಿಕ್ಕಿದ್ದು ಚೀನಾದ ಮರವೊಂದರಲ್ಲಿ, 1966ರಲ್ಲಿ. ನಮ್ಮ ಪಶ್ಚಿಮ ಘಟ್ಟದ ನೋತಾಪೊಡೈಟಿಸ್ ಗಿಡದಲ್ಲಿಯೂ ಅದಿದೆ, ಮತ್ತು ಅದಕ್ಕಾಗಿಯೇ ಆ ಗಿಡವನ್ನು ಕಾಡಿನಿಂದ ಅತಿಯಾಗಿ ಕಡಿದೊಯ್ದಿದ್ದಾರೆ ಎಂಬ ನೋವು ನನಗಿದೆ. ಅಂಗಳದ ನಿತ್ಯಪುಷ್ಪದ ವಿನ್‌ಬ್ಲಾಸ್ಟಿನ್ ಕೂಡ ಕಡಿಮೆ ಪ್ರಮಾಣದಲ್ಲಿ ಹೊಸ ರಕ್ತನಾಳಗಳನ್ನು ತಡೆಯುತ್ತದೆ. ಇವೆಲ್ಲ ಔಷಧಗಳಾದದ್ದು ಅಂಶವನ್ನು ಬೇರ್ಪಡಿಸಿ, ಪ್ರಮಾಣವನ್ನು ಅಳೆದು, ರೋಗಿಗಳಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದ ಮೇಲೆ. ಹಾಗೆಂದು ನಿತ್ಯಪುಷ್ಪದ ಎಲೆಯ ಕಷಾಯ ಮಾಡಿ ಯಾರಿಗೂ ಕುಡಿಸಬೇಡಿ, ಅದು ವಿಷಕಾರಿ.

ಉತ್ತರ 2ರವರಿಂದ ಮತ್ತೆ

ವೈದ್ಯೆಯವರ ಮಾತು ಸರಿ. ಬೆವಾಸಿಜುಮ್ಯಾಬ್ ಬಗ್ಗೆ ಇನ್ನೊಂದನ್ನು ಹೇಳುವುದಿತ್ತು. ಗಾಯ ಮಾಯಲೂ ಹೊಸ ರಕ್ತನಾಳಗಳು ಬೇಕು, ಆದ್ದರಿಂದ ಅದನ್ನು ಪಡೆಯುತ್ತಿರುವವರಲ್ಲಿ ಗಾಯ ನಿಧಾನವಾಗಿ ಮಾಯುತ್ತದೆ, ರಕ್ತಸ್ರಾವದ ಸಾಧ್ಯತೆ ಹೆಚ್ಚು, ರಕ್ತದೊತ್ತಡವೂ ಏರುತ್ತದೆ. ಬಿಪಿಯನ್ನು ಮನೆಯಲ್ಲಿಯೇ ನೋಡಿ ಬರೆದಿಡಿ. ಹಲ್ಲು ಕೀಳಿಸುವಷ್ಟು ಸಣ್ಣ ಕೆಲಸವಿದ್ದರೂ ಕ್ಯಾನ್ಸರ್ ವೈದ್ಯರನ್ನು ಮೊದಲೇ ಕೇಳಿ. ದೊಡ್ಡ ಶಸ್ತ್ರಚಿಕಿತ್ಸೆಗಾದರೆ ಕನಿಷ್ಠ 28 ದಿನ ಮೊದಲೇ ಇದನ್ನು ನಿಲ್ಲಿಸಬೇಕಾಗುತ್ತದೆ. ಹಠಾತ್ತನೆ ಜೋರಾದ ಹೊಟ್ಟೆನೋವು ಬಂದರೆ ಕರುಳಿಗೆ ರಂಧ್ರವಾಗಿರುವ ಸಾಧ್ಯತೆ ಇರುವುದರಿಂದ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮುಂದಿನ ಸಲ ಹೋಗುವಾಗ ಆ ಡಬ್ಬಿಯನ್ನೂ ಕೊಂಡುಹೋಗಿ. ಈಗಾಗಲೇ ಕೆಲವು ಕ್ಯಾಪ್ಸೂಲ್ ಕೊಟ್ಟಿದ್ದರೆ ಯಾವ ದಿನಗಳಂದು ಎಂಬುದನ್ನು ವೈದ್ಯರಿಗೆ ತಿಳಿಸಿ.