ತಾಮ್ರ ಎರಡರಲ್ಲೂ ಅಷ್ಟೇ, ಒಂದು ಅದಿರು ಮಾತ್ರ ಕರಗುತ್ತಿಲ್ಲ. ಯಾಕೆ?

ಪ್ರಶ್ನೆ: ಎರಡೂ ಅದಿರಿನಲ್ಲಿ ತಾಮ್ರ 0.8%. ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಹಸಿರು ಅದಿರು ಬೇಗ ಕರಗುತ್ತದೆ. ಹಿತ್ತಾಳೆಯಂತೆ ಹೊಳೆಯುವುದು ಜಪ್ಪಯ್ಯ ಅಂದರೂ ತಾಮ್ರ ಬಿಡುತ್ತಿಲ್ಲ. ಆಸಿಡ್ ಜಾಸ್ತಿ ಮಾಡಲಾ?

ಉತ್ತರ 1: ಬೇಡ, ಸುಮ್ನೆ ದಂಡ. ಹಸಿರಿನದು ಮ್ಯಾಲಕೈಟ್ ಇರಬೇಕು. ಅದು ಕಾರ್ಬೊನೇಟ್, ಆಸಿಡ್ ಒಂದೇ ಸಾಕು. ಹೊಳೆಯುವುದು ಚಾಲ್ಕೊಪೈರೈಟ್ ಅನಿಸುತ್ತದೆ. ಅದು ಸಲ್ಫೈಡ್, ಅಂದರೆ ಗಂಧಕದ ಜೊತೆ ಸೇರಿದ್ದು; ಆಸಿಡ್ ಒಂದೇ ಸಾಲದು, ಫೆರಿಕ್ ಕಬ್ಬಿಣದಂಥ ಆಕ್ಸಿಡೀಕಾರಕ (ಎಲೆಕ್ಟ್ರಾನ್ ಕಸಿಯುವ ವಸ್ತು) ಬೇಕು. ಅದು ಕೊಟ್ಟರೂ ಕಣದ ಮೇಲೆ ತೆಳು ಪದರ ಕಟ್ಟಿ ಕ್ರಿಯೆ ನಿಧಾನವಾಗುತ್ತದೆ. ನುಣ್ಣಗೆ ಅರೆದು, ಬಿಸಿ ಹೆಚ್ಚಿಸಿ ನೋಡಿ. ತಾಮ್ರದ ಇನ್ನೊಂದು ಸಲ್ಫೈಡ್ ಚಾಲ್ಕೊಸೈಟ್ ಆಗಿದ್ದರೆ ಇಷ್ಟು ಗೋಳಿರಲಿಲ್ಲ!

ಉತ್ತರ 2: ಜೊತೆಗಿರುವ ಕಲ್ಲನ್ನೂ ನೋಡಿ. ಕ್ಯಾಲ್ಸೈಟ್ (ಸುಣ್ಣಕಲ್ಲಿನ ಖನಿಜ) ಇದ್ದರೆ ಆಸಿಡ್ಡೆಲ್ಲ ಅದೇ ಕುಡಿಯುತ್ತದೆ. ನೊರೆ ಬಂತಾ?

ಪ್ರಶ್ನೆ ಕೇಳಿದವರು: ಹಸಿರಿನದರಲ್ಲಿ ಬಂತು.

ಉತ್ತರ 2: ಮ್ಯಾಲಕೈಟ್ ಕೂಡ ನೊರೆ ಬಿಡುತ್ತದಲ್ವಾ? ನೊರೆ ನೋಡಿ ಹೇಳೋಕಾಗಲ್ಲ, ಎಕ್ಸ್‌ಆರ್‌ಡಿ (ಎಕ್ಸ್-ಕಿರಣದಿಂದ ಖನಿಜ ಗುರುತಿಸುವ ಪರೀಕ್ಷೆ) ಮಾಡಿಸಿ.