ಫೋಟೋದಲ್ಲಿರೋದು ಗುಬ್ಬಿ ಅಲ್ಲ

ನಮ್ಮ ಮನೆತನದ ವಾಟ್ಸಾಪ್ ಗುಂಪಿನ ಭಾನುವಾರದ ಜಗಳ ಇದು. ಸ್ಟಿಕ್ಕರು, ಗುಡ್ ಮಾರ್ನಿಂಗು ತೆಗೆದು ಉಳಿದದ್ದನ್ನು ಇಲ್ಲಿ ಹಾಕಿದ್ದೇನೆ.

ದೊಡ್ಡಪ್ಪ (ಫಾರ್ವರ್ಡ್): ಅಳಿದೇ ಹೋಯಿತು ಗುಬ್ಬಚ್ಚಿ! ಮೊಬೈಲ್ ಟವರಿಗೆ ಬಲಿ! ಇದು ಕೊನೆಯ ಹಿಂಡು. ಹತ್ತು ಜನಕ್ಕೆ ಕಳಿಸಿ.

ಅತ್ತೆ: ಅಯ್ಯೋ ಪಾಪ 🙏

ಸುಮ: ದೊಡ್ಡಪ್ಪ, ಫೋಟೋದಲ್ಲಿರೋದು ಗುಬ್ಬಿ ಅಲ್ಲ, ರಾಟವಾಳ, ಮುನಿಯಾ ಅಂತಾರಲ್ಲ ಆ ಹಕ್ಕಿ. ಹೊಟ್ಟೆ ಮೇಲೆ ಹುರುಪೆ ಹುರುಪೆ ಇದೆ ನೋಡಿ. ಇದನ್ನ ಬರೆದೋರು ಯಾರು?

ದೊಡ್ಡಪ್ಪ: ವಿಷಯ ನೋಡಮ್ಮ, ಫೋಟೋ ಅಲ್ಲ. ಊಟಕ್ಕೆ ಕೂತಾಗಲೂ ಫೋನ್ ಬಿಡದವರಿಗೆ ಹಕ್ಕಿ ಕಷ್ಟ ಏನು ಗೊತ್ತು?

ಸುಮ: ಇದು ಬಂದಿದ್ದೂ ಫೋನಲ್ಲೇ. 2020ರ ಭಾರತದ ಹಕ್ಕಿಗಳ ವರದಿ ಪ್ರಕಾರ ದೇಶದಲ್ಲಿ ಒಟ್ಟಾರೆ ಗುಬ್ಬಿ ಸಂಖ್ಯೆ ಹೆಚ್ಚುಕಮ್ಮಿ ಹಾಗೇ ಇದೆ. ಕಮ್ಮಿ ಆಗಿರೋದು ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ. ಟವರಿಂದಲೇ ಅನ್ನೋದಕ್ಕೆ ಪುರಾವೆ ಸಿಕ್ಕಿಲ್ಲ. ಪಿಡಿಎಫ್ ಹಾಕಿದೀನಿ.

(ಪಿಡಿಎಫ್ ತೆರೆದವರು ಯಾರೂ ಇಲ್ಲ. ನಾನೂ ಸೇರಿ.)

ದೊಡ್ಡಪ್ಪ: ನಾನು ಓದಿದ ಹಳೇ ಪುಸ್ತಕದಲ್ಲಿ ಗುಬ್ಬಿ, ರಾಟವಾಳ, ಗೀಜಗ ಮೂರೂ ಒಂದೇ ಕುಟುಂಬ.

ಸುಮ: ಹಿಂದೆ ಹಾಗೇ ಸೇರಿಸಿದ್ರು, ನಿಜ. ಈಗ ಗುಬ್ಬಿ ಪ್ಯಾಸೆರಿಡೇ, ಗೀಜಗ ಪ್ಲೋಸಿಡೇ, ರಾಟವಾಳ ಎಸ್ಟ್ರಿಲ್ಡಿಡೇ.

ಚಿಕ್ಕಪ್ಪ: ಹಕ್ಕಿಗಳಲ್ಲೂ ಪಾಲಾಯ್ತಾ! ಅಲ್ಲಿ ಹಿರಿಯವನಿಗೆ ರಸ್ತೆ ಪಕ್ಕದ್ದೇ ಸಿಕ್ತಾ?

(ಇಲ್ಲಿಗೆ ಹಕ್ಕಿ ವಿಷಯ ಅರ್ಧ ಮುಗಿಯಿತು.)

ಮಂಜಣ್ಣ: ರಾಗಿ ಹಾಲುದುಂಬಿದಾಗ ಬರ್ತಿದ್ದವಲ್ಲ, ಇವೇ! ತೆನೆ ಮೇಲೆ ಕೂತು ಕಾಳು ಸುಲಿಯೋವು. ಅಜ್ಜ ಮಂಚಿಗೆ ಮೇಲೆ ಕೂರಿಸಿ ಕೈಗೆ ಕವಣೆ ಕೊಟ್ಟಿದ್ರು. ಒಂದು ಕಲ್ಲು ಹೋಗಿ ಸಾಬಣ್ಣನ ಮಡಕೆಗೆ ಬಿತ್ತು 😂 ಅಜ್ಜಿ ಮಾಡ್ತಿದ್ದ ಹುರಿಟ್ಟು ನೆನಪಿದೆಯಾ?

ಅತ್ತೆ: ಹುರಿಟ್ಟು ಮಾಡ್ತಿದ್ದಿದ್ದು ನಾನು.

ಸುಮ: ಮಂಜಣ್ಣ, ಕೆಂಪು ರಾಟವಾಳ ನೋಡಿದ್ಯಾ? ಮಳೆಗಾಲದಲ್ಲಿ ಗಂಡು ಕೆಂಪಾಗುತ್ತೆ, ಮೈಮೇಲೆ ಬಿಳಿ ಚುಕ್ಕೆ. ಆಮೇಲೆ ಮತ್ತೆ ಕಂದು. ಕೆರೆ ಅಂಚಿನ ಜೊಂಡು, ಎತ್ತರದ ಹುಲ್ಲು ಬೇಕು ಅದಕ್ಕೆ. ಹೆಸರಘಟ್ಟದ ಹುಲ್ಲುಗಾವಲಲ್ಲಿ ಸಿಗುತ್ತೆ.

ಮಂಜಣ್ಣ: ನಮ್ಮ ಬೀಳಲ್ಲೇ ಇದ್ವಲ್ಲೇ! ಜಾಲಿ ಪೊದೆ ಪಕ್ಕ.

ಚಿಕ್ಕಪ್ಪ: ಆ ಬೀಳನ್ನ ಸೈಟ್ ಮಾಡಿ ಮಾರಿದ್ದು ಯಾರು ಅಂತ ಟವರನ್ನೇ ಕೇಳಿ.

ದೊಡ್ಡಪ್ಪ: ಬೀಳು ಅಂದ್ರೆ ಬೀಳು. ಏನು ಬೆಳೀತಿತ್ತು ಅಲ್ಲಿ? ಬರೀ ಹುಲ್ಲು.

ಸುಮ: ಆ ಹುಲ್ಲಿನ ಬೀಜಾನೇ ಅವುಗಳ ಊಟ ದೊಡ್ಡಪ್ಪ. ಗುಬ್ಬಿ ಮನೆ ಸೂರಲ್ಲೂ ಬದುಕುತ್ತೆ. ಕೆಂಪು ರಾಟವಾಳಕ್ಕೆ ಹುಲ್ಲು ಹೋದ್ರೆ ಅಲ್ಲಿ ಕೆಲಸ ಇಲ್ಲ.

ದೊಡ್ಡಪ್ಪ: ನಿನ್ನ ಇಂಜಿನಿಯರಿಂಗ್ ಫೀಸು ಎಲ್ಲಿಂದ ಬಂತು ಅಂತ ನಿಮ್ಮಪ್ಪನ್ನ ಕೇಳು.

(ಹತ್ತು ನಿಮಿಷ ಎಲ್ಲರೂ ಆನ್‌ಲೈನ್, ಯಾರೂ ಟೈಪ್ ಮಾಡಲಿಲ್ಲ.)

ಅತ್ತೆ: ಅಣ್ಣಾ, ಹಕ್ಕಿ ಮೇಲೆ ಈಗ ಇಷ್ಟು ಕರುಣೆ. ಸಂತೆಯಿಂದ ಕೆಂಪು ಹಕ್ಕಿ ಜೋಡಿ ತಂದು ಪಡಸಾಲೆಯಲ್ಲಿ ನೇತುಹಾಕಿದ್ದು ನೀನೇ ಅಲ್ವಾ?

ದೊಡ್ಡಪ್ಪ: ಆಗ ಎಲ್ಲರೂ ಸಾಕ್ತಿದ್ರು. ನವಣೆ ಹಾಕಿ ಚೆನ್ನಾಗೇ ನೋಡ್ಕೊಂಡೆ.

ಸುಮ: ಈಗ ಹಿಡಿದು ಮಾರೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಆದ್ರೂ ರಾಟವಾಳಕ್ಕೆ ಬಣ್ಣ ಬಳಿದು ಬೇರೆ ಹಕ್ಕಿ ಅಂತ ಮಾರೋರಿದ್ದಾರೆ.

ಮಂಜಣ್ಣ: ಆ ಪಂಜರ ಈಗೆಲ್ಲಿದೆ? ಮಗಳಿಗೆ ತೋರಿಸ್ಬೇಕು.

ಅತ್ತೆ: ನಮ್ಮನೆ ಅಟ್ಟದ ಮೇಲೆ. ಬಂದು ತಗೊಂಡು ಹೋಗಿ. ಬರುವಾಗ ಅಮ್ಮನ ಹಿತ್ತಾಳೆ ಕೊಳಗ ತನ್ನಿ, ಅದು ನನಗೆ ಅಂತ ಅಮ್ಮ ಹೇಳಿದ್ದು ಎಲ್ಲರೂ ಕೇಳಿಸ್ಕೊಂಡಿದ್ದೀರಿ.

ಚಿಕ್ಕಪ್ಪ: ಯಾವ ಕೊಳಗ?