ಸ್ಪ್ಲೆಂಡರ್‌ಗೆ ಮೊಬೈಲ್ ಚಾರ್ಜರ್ ಪಾಯಿಂಟ್: ಬ್ಯಾಟರಿಗೆ ಡೈರೆಕ್ಟಾ, ಕೀ ಮೂಲಕವಾ?

ಹುಬ್ಬಳ್ಳಿ_ಡೆಲಿವರಿ:
ನಮಸ್ಕಾರ ಎಲ್ಲರಿಗೂ. ನನ್ನದು ಬಿಎಸ್4 (ಹಳೆಯ ಹೊಗೆ ನಿಯಮದ) ಸ್ಪ್ಲೆಂಡರ್ ಪ್ಲಸ್ ಬೈಕು, ಕಾರ್ಬುರೇಟರ್ ಗಾಡಿ. ಡೆಲಿವರಿ ಕೆಲಸ, ಮ್ಯಾಪ್ ದಿನವಿಡೀ ಆನ್ ಇರುತ್ತದೆ, ಮಧ್ಯಾಹ್ನ ಮೂರಕ್ಕೆಲ್ಲ ಫೋನ್ ಸತ್ತಿರುತ್ತದೆ. ಹ್ಯಾಂಡಲ್ ಹತ್ತಿರ ಚಾರ್ಜರ್ ಪಾಯಿಂಟ್ ಹಾಕಿಸಬೇಕು. ಒಬ್ಬ ಮೆಕ್ಯಾನಿಕ್ "ಬ್ಯಾಟರಿಗೆ ಡೈರೆಕ್ಟ್ ಕೊಡ್ತೀನಿ, ಹತ್ತು ನಿಮಿಷದ ಕೆಲಸ" ಅನ್ನುತ್ತಾನೆ. ಇನ್ನೊಬ್ಬ ಹೆಡ್‌ಲೈಟ್ ವೈರಿಗೆ ಸೇರಿಸೋಣ ಅನ್ನುತ್ತಾನೆ. ನಮ್ಮ ಓಣಿಯವರಂತೂ ಏನೂ ಮಾಡಬೇಡ, ಬ್ಯಾಟರಿ ಕುಂತುಬಿಡುತ್ತದೆ ಅಂತಾರೆ. ಯಾರ ಮಾತು ಕೇಳಲಿ? ಇನ್ನೊಂದು, ಕಾರಿನಲ್ಲಿ ಇರುತ್ತದಲ್ಲ, ಆ ದುಂಡು ಸಿಗರೇಟ್ ಲೈಟರ್ ಸಾಕೆಟ್, ಅದನ್ನೇ ಹಾಕಿಸಿದರೆ ಗಾಳಿ ಹಾಕುವ ಪಂಪನ್ನೂ ಅದಕ್ಕೇ ಸಿಗಿಸಬಹುದು ಅಲ್ವಾ?

ತಾಮ್ರದ_ತಂತಿ:
ಅಣ್ಣ, ಮೊದಲು ಹೆಡ್‌ಲೈಟ್ ವಿಷಯ ಬಿಟ್ಟುಬಿಡಿ. ಎಷ್ಟೋ ಕಮ್ಯೂಟರ್ ಬೈಕುಗಳಲ್ಲಿ ಹೆಡ್‌ಲೈಟ್ ಉರಿಯುವುದು ಬ್ಯಾಟರಿಯಿಂದ ಅಲ್ಲ, ಇಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲಿನಿಂದ ನೇರ ಬರುವ ಎಸಿ (ದಿಕ್ಕು ಬದಲಾಗುತ್ತಲೇ ಇರುವ) ಕರೆಂಟಿನಿಂದ. ಆಕ್ಸಿಲರೇಟರ್ ಕೊಟ್ಟಾಗ ಬೆಳಕು ಜಾಸ್ತಿ ಆಗಿ, ಸಿಗ್ನಲ್‌ನಲ್ಲಿ ನಿಂತಾಗ ಮಂಕಾಗುತ್ತದಲ್ಲ, ಅದೇ ಗುರುತು. ಯುಎಸ್‌ಬಿ ಚಾರ್ಜರಿಗೆ ಬೇಕಾದ್ದು ಡಿಸಿ, ಅಂದರೆ ಬ್ಯಾಟರಿ ಕೊಡುವಂಥ ಒಂದೇ ದಿಕ್ಕಿನ ಕರೆಂಟು. ಎಸಿ ವೈರಿಗೆ ಸೇರಿಸಿದರೆ ಚಾರ್ಜರ್ ಸುಡಬಹುದು, ಅದರ ಜೊತೆ ಫೋನಿಗೂ ಕುತ್ತು.

ಈಗ ಬ್ಯಾಟರಿ. ನಿಮ್ಮ ಗಾಡಿಯದ್ದು 12 ವೋಲ್ಟ್, 3 ಆಂಪಿಯರ್-ಅವರ್ (1 ಆಂಪಿಯರ್ ಎಳೆದರೆ ಸುಮಾರು ಮೂರು ಗಂಟೆಗೆ ಖಾಲಿ), ಅಂದರೆ ಬಹಳ ಚಿಕ್ಕದು. 5 ವೋಲ್ಟ್ 2 ಆಂಪಿಯರ್ ಚಾರ್ಜರ್ ಅಂದರೆ 10 ವ್ಯಾಟ್. ನಡುವೆ ಸ್ವಲ್ಪ ನಷ್ಟ ಸೇರಿಸಿದರೆ ಬ್ಯಾಟರಿ ಕಡೆಯಿಂದ ಸುಮಾರು 1 ಆಂಪಿಯರ್ ಎಳೆಯುತ್ತದೆ. ಗಾಡಿ ಓಡುತ್ತಿರುವಾಗ ಇದು ಏನೂ ಅಲ್ಲ. ಆದರೆ ಇಂಜಿನ್ ಬಂದ್ ಮಾಡಿ ಫೋನ್ ಚಾರ್ಜಿಗೆ ಇಟ್ಟು ಊಟಕ್ಕೆ ಕೂತರೆ ಲೆಕ್ಕ ನೀವೇ ಹಾಕಿ.

ಡೈರೆಕ್ಟ್ ಕೊಟ್ಟರೆ ಇನ್ನೊಂದು ತೊಂದರೆ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ. ಫೋನ್ ಸಿಗಿಸದಿದ್ದರೂ ಚಾರ್ಜರ್ ಒಳಗಿನ ಸರ್ಕ್ಯೂಟು, ನೀಲಿ ದೀಪ, ವೋಲ್ಟ್ ತೋರಿಸುವ ಡಿಸ್ಪ್ಲೇ ಎಲ್ಲ ಸ್ವಲ್ಪ ಸ್ವಲ್ಪ ಕುಡಿಯುತ್ತಲೇ ಇರುತ್ತವೆ. 20 ಮಿಲಿ ಆಂಪಿಯರ್ ಅಂತಿಟ್ಟುಕೊಂಡರೂ ದಿನಕ್ಕೆ ಹತ್ತಿರ ಹತ್ತಿರ ಅರ್ಧ ಆಂಪಿಯರ್-ಅವರ್ ಆಯಿತು. ಗಾಡಿ ನಿಲ್ಲಿಸಿ ಒಂದು ವಾರ ಊರಿನ ಜಾತ್ರೆಗೆ ಹೋಗಿ ಬನ್ನಿ, ವಾಪಸ್ ಬಂದಾಗ ಸೆಲ್ಫ್ ಎತ್ತುವುದಿಲ್ಲ, ಕಿಕ್ಕರೇ ಗತಿ. ನಿಮ್ಮ ಓಣಿಯವರು ಹೇಳಿದ್ದು ಈ ಮಟ್ಟಿಗೆ ಸರಿ.

ಹಾಗಾಗಿ ಕೀ ಮೂಲಕವೇ, ಅಂದರೆ ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ವೈರಿನಿಂದ, ತೆಗೆದುಕೊಳ್ಳಿ. ಹಾರ್ನಿನ ವೈರು ಅಥವಾ ಬ್ರೇಕ್ ಸ್ವಿಚ್ಚಿಗೆ ಬರುವ ವೈರು ಒಳ್ಳೆಯ ಜಾಗ. ಬಣ್ಣ ನೋಡಿ ನಂಬಬೇಡಿ. ವೋಲ್ಟ್ ಅಳೆಯುವ ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು ನೋಡಿ: ಕೀ ಹಾಕಿದಾಗ 12ರ ಮೇಲೆ ಬರಬೇಕು, ಕೀ ತೆಗೆದಾಗ ಸೊನ್ನೆ ಆಗಬೇಕು, ಹಾರ್ನ್ ಒತ್ತದೆ ಇರುವಾಗಲೂ ಕರೆಂಟ್ ಇರಬೇಕು. ಅಲ್ಲಿಂದ ಚಾರ್ಜರಿಗೆ ಹೋಗುವ ದಾರಿಯಲ್ಲಿ, ಜೋಡಣೆಯ ಹತ್ತಿರವೇ, 2 ಅಥವಾ 3 ಆಂಪಿಯರ್ ಫ್ಯೂಸ್ ಬೇಕೇ ಬೇಕು. ಅದಿಲ್ಲದೆ ಮಳೆಯಲ್ಲಿ ಚಾರ್ಜರ್ ಶಾರ್ಟ್ ಆದರೆ ಗಾಡಿಯ ಮೇನ್ ಫ್ಯೂಸೇ ಹೋಗುತ್ತದೆ, ಹಾರ್ನು, ಇಂಡಿಕೇಟರು ಎಲ್ಲ ಬಂದ್.

ಪವರ್‌ಬ್ಯಾಂಕ್_ಭಕ್ತ:
ಇಷ್ಟೆಲ್ಲ ಯಾಕೆ ಗುರು? 10,000 ಎಂಎಎಚ್ ಪವರ್ ಬ್ಯಾಂಕ್ ಟ್ಯಾಂಕ್ ಬ್ಯಾಗಲ್ಲಿ ಹಾಕಿಕೊಂಡು ಹೋಗಿ. ವೈರಿಗೆ ಕೈ ಹಾಕಿದರೆ ಸರ್ವೀಸ್ ಸೆಂಟರಿನವರು ವಾರಂಟಿ ಇಲ್ಲ ಅಂತಾರೆ.

ತಾಮ್ರದ_ತಂತಿ:
ಬಿಎಸ್6 ಹೊಗೆ ನಿಯಮ ಕಡ್ಡಾಯ ಆಗಿದ್ದೇ 2020ರಲ್ಲಿ, ಇವರದ್ದು ಅದಕ್ಕಿಂತ ಹಳೆಯ ಬಿಎಸ್4, ವಾರಂಟಿ ಮಾತು ಎಲ್ಲಿಂದ ಬಂತು ಮಾರಾಯರೆ? ಆದರೆ ಹೊಸ ಗಾಡಿ ಇರುವವರಿಗೆ ನೀವು ಹೇಳಿದ್ದು ಸರಿ. ಅಂಥವರು ಮೂಲ ವೈರನ್ನು ಕತ್ತರಿಸಬಾರದು, ಹಾರ್ನ್ ಟರ್ಮಿನಲ್ಲಿಗೇ ಸಿಗಿಸುವ ಎರಡು ಬಾಯಿಯ ಲಗ್ (ವೈರಿನ ತುದಿಗೆ ಹಾಕುವ ಲೋಹದ ಕ್ಲಿಪ್ಪು) ಸಿಗುತ್ತದೆ, ಬೇಡವೆಂದಾಗ ಕಿತ್ತು ತೆಗೆಯಬಹುದು. ಇನ್ನು ಪವರ್ ಬ್ಯಾಂಕು: 10,000 ಅಂತ ಬರೆದಿರುವುದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ, 5 ವೋಲ್ಟಿಗೆ ಏರಿಸಿ ಕೊಡುವಾಗ ಅಷ್ಟು ಸಿಗುವುದಿಲ್ಲ. 5,000ದ ಫೋನು ಒಂದೂವರೆ ಸಲ ತುಂಬಿದರೆ ದೊಡ್ಡದು. ಸ್ಕ್ರೀನ್ ಆನ್ ಇಟ್ಟುಕೊಂಡು ದುಡಿಯುವವರಿಗೆ ದಿನಾ ರಾತ್ರಿ ಅದನ್ನೂ ಚಾರ್ಜಿಗೆ ಹಾಕುವ ಇನ್ನೊಂದು ಕೆಲಸ.

ಘಟ್ಟದ_ರೈಡರ್:
ಸಿಗರೇಟ್ ಸಾಕೆಟ್ ಬಗ್ಗೆ ಯಾರೂ ಹೇಳಲಿಲ್ಲ. ಅದು ಬೇಡ. ಬಾಯಿ ದೊಡ್ಡದು, ನೀರು ನಿಲ್ಲುತ್ತದೆ, ಹಳ್ಳಕ್ಕೆ ಇಳಿದಾಗ ಅಡಾಪ್ಟರ್ ಅಲುಗಾಡಿ ಚಾರ್ಜಿಂಗ್ ಬಿಟ್ಟು ಬಿಟ್ಟು ಬರುತ್ತದೆ. ಪಂಪಂತೂ ಆಗದ ಮಾತು. ಸಣ್ಣ ಪಂಪೂ 8-10 ಆಂಪಿಯರ್ ಎಳೆಯುತ್ತದೆ, ಹಾರ್ನಿನ ವೈರು ಅದಕ್ಕಲ್ಲ, ಫ್ಯೂಸ್ ತಕ್ಷಣ ಹಾರುತ್ತದೆ, ಫ್ಯೂಸ್ ದೊಡ್ಡದು ಹಾಕೋಣ ಅಂತ ಹೊರಟರೆ ವೈರೇ ಕರಗುತ್ತದೆ. ದೊಡ್ಡ ಬ್ಯಾಟರಿ ಇರುವ ಬೈಕಾದರೆ ಬ್ಯಾಟರಿಯಿಂದ ಫ್ಯೂಸ್ ಹಾಕಿದ ದಪ್ಪ ವೈರು ಬೇರೆ ಎಳೆದು ಸೀಟಿನ ಕೆಳಗೆ ಇಟ್ಟುಕೊಳ್ಳಬಹುದು. 3 ಆಂಪಿಯರ್-ಅವರ್ ಬ್ಯಾಟರಿಗೆ ಆ ಆಸೆ ಬೇಡ, ಕಾಲಲ್ಲಿ ತುಳಿಯುವ ಪಂಪ್ ತಗೊಳ್ಳಿ.

ರಬ್ಬರ್ ಮುಚ್ಚಳ ಇರುವ ಯುಎಸ್‌ಬಿ ಚಾರ್ಜರ್ ಸಾಕು. ಡಬ್ಬಿಯ ಮೇಲೆ ವಾಟರ್‌ಪ್ರೂಫ್ ಅಂತ ಇದ್ದರೂ ಕೇಬಲ್ ಸಿಗಿಸಿದ ಮೇಲೆ ಮುಚ್ಚಳ ತೆರೆದೇ ಇರುತ್ತದೆ ಅಲ್ವಾ, ಆಗುಂಬೆ ಕಡೆ ಮಳೆಯಲ್ಲಿ ಅದೆಲ್ಲ ನಡೆಯಲ್ಲ. ಬಾಯಿ ಕೆಳಮುಖವಾಗಿ ಬರುವಂತೆ ಕೂರಿಸಿ. ಜೋರು ಮಳೆಯಲ್ಲಿ ಚಾರ್ಜಿಂಗ್ ನಿಲ್ಲಿಸಿ, ಫೋನು ಒಳಜೇಬಿಗೆ.

ಒಂದು ವಿಷಯ ಸುಮ್ನೆ ಸೇರಿಸುತ್ತೇನೆ: ಬೈಕ್ ಇಂಜಿನ್ನಿನ ಕಂಪನ ಹ್ಯಾಂಡಲ್ ಮೂಲಕ ಫೋನಿಗೆ ಸೇರಿದರೆ ಕ್ಯಾಮೆರಾ ಹಾಳಾಗಬಹುದು ಅಂತ ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ಹೋಲ್ಡರ್ ತಗೊಳ್ಳುವಾಗ ರಬ್ಬರ್ ಡ್ಯಾಂಪರ್ ಇರುವುದು ನೋಡಿ. ನೆತ್ತಿ ಮೇಲೆ ಬಿಸಿಲು ಇರುವಾಗ ಮ್ಯಾಪು, ಚಾರ್ಜಿಂಗು ಎರಡೂ ಒಟ್ಟಿಗೆ ಓಡಿದರೆ ಫೋನ್ ಕಾದು ಚಾರ್ಜ್ ತಗೊಳ್ಳುವುದನ್ನೇ ನಿಲ್ಲಿಸುತ್ತದೆ. ಅದು ಚಾರ್ಜರಿನ ದೋಷ ಅಲ್ಲ.

ಹುಬ್ಬಳ್ಳಿ_ಡೆಲಿವರಿ:
ಭಾಳ ಉಪಕಾರ ಆತು. ಪಂಪ್ ಆಸೆ ಬಿಟ್ಟೆ. ಯುಎಸ್‌ಬಿ, ಹಾರ್ನ್ ವೈರು, 3 ಆಂಪಿಯರ್ ಫ್ಯೂಸ್. ವೈರು ಯಾವ ಸೈಜು? ಮತ್ತೆ ಎರಡು ವೈರು ತಿರುಚಿ ಟೇಪ್ ಸುತ್ತಿದರೆ ಸಾಕಾ, ಬೆಸುಗೆ ಹಾಕಿಸಲಾ?

ತಾಮ್ರದ_ತಂತಿ:
0.75 ಚದರ ಮಿಮೀ ಆಟೋ ವೈರು ಧಾರಾಳ. ತಿರುಚಿ ಟೇಪ್ ಸುತ್ತುವುದು ಬೇಡ, ಬಿಸಿಲಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ನಾನು ಹೇಳಿದ ಎರಡು ಬಾಯಿಯ ಲಗ್ಗೇ ಒಳ್ಳೆಯದು, ಚೆನ್ನಾಗಿ ಕ್ರಿಂಪ್ ಮಾಡಿಸಿ (ಇಕ್ಕಳದಿಂದ ಒತ್ತಿ ಬಿಗಿ ಮಾಡಿಸಿ) ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಬಿಗಿಯಾಗುವ ಕೊಳವೆ) ಹಾಕಿಸಿ. ನೆಗೆಟಿವ್ ವೈರನ್ನು ಬಣ್ಣ ಬಳಿದ ಬೋಲ್ಟಿಗೆ ಕಟ್ಟಬೇಡಿ, ಬ್ಯಾಟರಿ ನೆಗೆಟಿವ್‌ಗೋ, ಕೆರೆದು ಬೆಳ್ಳಗೆ ಮಾಡಿದ ಚಾಸಿ ಬೋಲ್ಟಿಗೋ ಕೊಡಿ. ಕೆಲಸ ಶುರು ಮಾಡುವಾಗ ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಬೇಕು, ಕೊನೆಯಲ್ಲಿ ಸೇರಿಸಬೇಕು.

ಎಲ್ಲ ಆದ ಮೇಲೆ ಇಂಜಿನ್ ಆನ್ ಮಾಡಿ ಬ್ಯಾಟರಿ ಮೇಲೆ ಮೀಟರ್ ಇಡಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗ 13.5ರಿಂದ 14.5ರ ಒಳಗೆ ಬರಬೇಕು. ಫೋನ್ ಚಾರ್ಜಿಗೆ ಹಾಕಿದಾಗ 13ಕ್ಕಿಂತ ಕೆಳಗೆ ಇಳಿದರೆ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡಿ ಬ್ಯಾಟರಿ ಚಾರ್ಜ್ ಮಾಡುವ ಭಾಗ) ಇಲ್ಲವೇ ಬ್ಯಾಟರಿ ಮೊದಲೇ ಸೋತಿದೆ, ಅದನ್ನು ಸರಿಮಾಡಿಸದೆ ಚಾರ್ಜರ್ ಹಾಕಿ ಉಪಯೋಗ ಇಲ್ಲ.

ಘಟ್ಟದ_ರೈಡರ್:
ವೈರು ಹೆಡ್‌ಲೈಟ್ ಹಿಂದೆ ಹಾಯಿಸುವಾಗ ಸ್ವಲ್ಪ ಸಡಿಲ ಬಿಡಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಇಂಜಿನ್ ಆನ್ ಇಟ್ಟು, ಗಾಡಿ ನ್ಯೂಟ್ರಲ್‌ನಲ್ಲಿ ನಿಲ್ಲಿಸಿಯೇ ತಿರುಗಿಸಿ. ತಿರುಗಿಸಿದಾಗ ಇಂಜಿನ್ ಸದ್ದು ತಾನಾಗಿ ಏರಿದರೆ ನಿಮ್ಮ ಹೊಸ ವೈರೋ ಕೇಬಲ್ ಟೈಯೋ ಆಕ್ಸಿಲರೇಟರ್ ಕೇಬಲ್ಲನ್ನು ಎಳೆಯುತ್ತಿದೆ ಅಂತ ಅರ್ಥ. ಆ ಟೈ ಕತ್ತರಿಸಿ, ಬೇರೆ ಕಡೆಯಿಂದ ಹಾಯಿಸಿ.